ಎಲ್ಲರಿಗೂ ಒಂದೇ ಸಾವು

ಸೋಫಿಯಾ ಪಕ್ಕದ ಊರು ಪೆರ್ನಿಕ್‌ನ ಲ್ಯುಬೆನ್ ಸ್ತಾನೇವ್ ಬೀಳುವುದನ್ನೇ ಕಸುಬು ಮಾಡಿಕೊಂಡಿದ್ದ. ಚಿಕ್ಕಂದಿನಲ್ಲಿ ಕ್ರೀಡಾಶಾಲೆಗೆ ಕುಸ್ತಿ ಕಲಿಯಲು ಸೇರಿದ್ದವನು ಪದಕ ತರುವಷ್ಟು ಮೇಲೆ ಬರಲಿಲ್ಲ. ಆದರೆ ಎದುರಾಳಿ ಎತ್ತಿ ಒಗೆದಾಗ ಅವನು ನೆಲ ಮುಟ್ಟುವ ರೀತಿ ನೋಡಿ, ಕಲಿಸುವ ಮೇಷ್ಟ್ರೇ "ನೀನು ಗೆಲ್ಲೋದಕ್ಕಿಂತ ಸೋಲೋದೇ ಚೆನ್ನಾಗಿದೆ ಕಣೋ" ಎನ್ನುತ್ತಿದ್ದರು. ಮುಂದೆ ವಿತೊಶಾ ಬೆಟ್ಟದ ಬುಡದ ಸ್ಟುಡಿಯೋಗಳಿಗೆ ಹೊರದೇಶದವರು ಬಂದು ಯುದ್ಧದ ಸಿನಿಮಾ ತೆಗೆಯತೊಡಗಿದ ಮೇಲೆ ಆ ಸೋಲೇ ಅವನ ಹೊಟ್ಟೆಪಾಡಾಯಿತು. ಕುದುರೆ ಮೇಲಿಂದ ಬಿದ್ದ, ಕೋಟೆಗೋಡೆಯಿಂದ ಬಿದ್ದ, ಉರಿಯುವ ಗಾಡಿಯಿಂದ ಹಾರಿ ಬಿದ್ದ. ಬೆಳಿಗ್ಗೆ ರೋಮನ್ ಸಿಪಾಯಿಯಾಗಿ ಸತ್ತು, ಊಟ ಮುಗಿಸಿ, ಅದೇ ರೋಮನ್ನರ ಮೇಲೆ ಏರಿ ಬಂದ ದಂಡಿನವನಾಗಿ ಮಧ್ಯಾಹ್ನ ಇನ್ನೊಮ್ಮೆ ಸಾಯುತ್ತಿದ್ದ. ಅವನ ಹೆಂಡತಿ ರಾಲಿತ್ಸ ಬೇಕರಿಯೊಂದರಲ್ಲಿ ಚೀಸ್ ತುಂಬಿದ ಬಾನಿತ್ಸ ಸುಡುವವಳು. ಗಂಡ ಮನೆಗೆ ಬಂದು ಬೂಟು ಕಳಚುವಾಗ ಅವಳು ಕೇಳುತ್ತಿದ್ದುದು ಒಂದೇ ಮಾತು: "ಇವತ್ತು ಎಷ್ಟು ಸಲ ಸತ್ತೆ?"

ಆಗ ಸೋಫಿಯಾದಲ್ಲಿ ಟೈರು ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಕೆಲವು ಹುಡುಗರು ಕೂತು ಒಂದು ಕಂಪ್ಯೂಟರ್ ಆಟ ಕಟ್ಟುತ್ತಿದ್ದರು. ಹೆಸರು 'ಬೆಳ್ಳಿಕಡವು'. ಅದರಲ್ಲಿ ಬರುವ ನಾಡು ಅವರ ಊರುಕಡೆಯ ಗುಡ್ಡಗಳ ಹಾಗೇ ಇತ್ತು. ಕಮರಿಯಲ್ಲಿ ಘಟಸರ್ಪ, ಬಾವಿಯೊಳಗೆ ಹೆಣ್ಣುದೆವ್ವ, ನದಿ ದಾಟುವಲ್ಲಿ ಸುಂಕದ ಕಟ್ಟೆ. ಆಡುವವನು ಆ ಕಟ್ಟೆ ಕಾಯುವ ಬಡ ಸಿಪಾಯಿಯಾಗಿ ಹೊರಟು ಕೊನೆಗೆ ಏನಾಗುತ್ತಾನೆ ಎನ್ನುವುದು ಅವನ ನಡತೆಗೆ ಬಿಟ್ಟದ್ದು. ಆಟದೊಳಗಿನ ಜನ ನಿಜವಾದ ಮನುಷ್ಯರಂತೆ ಓಡಾಡಬೇಕು, ಬೀಳಬೇಕು ಎಂದು ಆ ಹುಡುಗರಲ್ಲಿ ಒಬ್ಬನಾದ ಪ್ಲಾಮೆನ್ ಲ್ಯುಬೆನ್‌ನನ್ನು ಹುಡುಕಿಕೊಂಡು ಬಂದ. ಮೈಗೆ ಅಂಟುವ ಕರಿ ಉಡುಪು, ಅದರ ಮೇಲೆಲ್ಲ ಹೊಳೆಯುವ ಪುಟ್ಟ ಗುಂಡುಗಳು, ಸುತ್ತಲೂ ಕ್ಯಾಮೆರಾಗಳು. ಕ್ಯಾಮೆರಾಗಳಿಗೆ ಮುಖ ಬೇಡ. ಗುಂಡುಗಳು ಹೇಗೆ ಅಲುಗುತ್ತವೆ ಎಂಬುದಷ್ಟೇ ಬೇಕು; ಆ ಅಲುಗಾಟವನ್ನೇ ಆಟದೊಳಗಿನ ಬೊಂಬೆಗಳಿಗೆ ತೊಡಿಸುತ್ತಿದ್ದರು.

ಮೊದಲ ದಿನವೇ ಲ್ಯುಬೆನ್ ಕೇಳಿದ್ದ: "ಈಗ ಸಾಯೋನು ಯಾರು?"

"ಯಾರೋ ಒಬ್ಬ, ಅಣ್ಣ. ಕಳ್ಳ ಅಂದ್ಕೋ."

"ಯಾರೋ ಒಬ್ಬ ಆದ್ರೆ ನಾನು ಹೆಂಗೆ ಬೀಳ್ಲಿ? ವಯಸ್ಸೆಷ್ಟು ಅವನಿಗೆ? ಕುಡಿದಿದಾನಾ?"

ಪ್ಲಾಮೆನ್ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಆ ಕಳ್ಳನಿಗೊಂದು ವಯಸ್ಸು, ಒಂದು ಹಳೆಯ ಮೊಣಕಾಲು ನೋವು ಕಟ್ಟಿಕೊಟ್ಟ. ಅವತ್ತಿನಿಂದ ಇಬ್ಬರಿಗೂ ಅದೇ ಹುಚ್ಚು ಹಿಡಿಯಿತು. ಬಿಷಪ್ಪನು ನಿಲುವಂಗಿ ಮುದುರದಂತೆ ಹಿಡಿದುಕೊಂಡೇ ಕುಸಿದ. ಗಾಣದವನು ಕೂತ ಹಾಗೆ ಕೂತು ಪಕ್ಕಕ್ಕೆ ವಾಲಿದ. ಸಂತೆಯ ಮುದುಕಿಗಾಗಿ ಲ್ಯುಬೆನ್ ಒಂದು ಚಳಿಗಾಲ ಪೂರ್ತಿ, ಮಂಜುಗಟ್ಟಿದ ಮೆಟ್ಟಿಲು ಇಳಿಯುವ ತನ್ನ ಅತ್ತೆಯನ್ನು ಕದ್ದು ನೋಡಿದ. ಆಟ ಹೊರಬಂದಾಗ ಜನ ಅದನ್ನು ತಲೆಯ ಮೇಲೆ ಹೊತ್ತು ಕುಣಿದರು. ಅಲ್ಲಿ ಕತ್ತಿಯೆತ್ತಲು ಕೈ ಬರುವುದಿಲ್ಲ, ಬಿದ್ದವರನ್ನು ನೋಡಿದರೆ ಸಂಕಟವಾಗುತ್ತದೆ ಎಂದು ಎಲ್ಲೆಲ್ಲಿಂದಲೋ ಬರೆದರು. ಪ್ಲಾಮೆನ್ ಅದನ್ನೆಲ್ಲ ಓದಿ ಹೇಳುವಾಗ ಲ್ಯುಬೆನ್ ಕಿವಿ ಕೆಂಪಾಗಿಸಿಕೊಂಡು ಕೂತಿರುತ್ತಿದ್ದ.

ಎರಡನೆಯ ಭಾಗದ ಹೊತ್ತಿಗೆ ಟೈರು ಅಂಗಡಿಯ ಕಾಲ ಮುಗಿದಿತ್ತು. ಹೊರದೇಶದ ದೊಡ್ಡ ಕಂಪನಿಯೊಂದು ಹಣ ಹಾಕಿತ್ತು, ಆಟ ಬಿಡುಗಡೆಯಾಗುವ ದಿನವನ್ನು ಮೊದಲೇ ಜಗತ್ತಿಗೆಲ್ಲ ಸಾರಿತ್ತು. ಪ್ಲಾಮೆನ್ ಈಗ ಒಂದು ವಿಭಾಗದ ಮುಖ್ಯಸ್ಥ. ಕೂದಲು ಅರ್ಧ ನರೆತಿತ್ತು, ಮಾತು ಮಾತಿಗೂ ಗಡಿಯಾರ ನೋಡುತ್ತಿದ್ದ. ಚಿತ್ರೀಕರಣಕ್ಕೆ ಮುಚ್ಚಿಹೋದ ಹೊಲಿಗೆ ಕಾರ್ಖಾನೆಯೊಂದರ ದೊಡ್ಡ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ಅವತ್ತಿನ ಸಾವು ಕಾವಲುಗೋಪುರದ ಬಿಲ್ಲುಗಾರನದು: ಎದೆಗೆ ಬಾಣ ನಾಟಿ ಹಿಂದಕ್ಕೆ ಬೀಳಬೇಕು. ಲ್ಯುಬೆನ್ ಕೆಳಗೆ ಹಾಸಿದ್ದ ಮೆತ್ತೆಗಳನ್ನು ಕಾಲಿನಲ್ಲಿ ಒತ್ತಿ ನೋಡಿದ.

"ಇದು ಸಾಲಲ್ಲ. ಮೆತ್ತೆ ನೋಡ್ಕೊಳ್ಳೋನು ಎಲ್ಲಿ?"

"ಅವನನ್ನ ಈ ಸಲ ತೊಗೊಂಡಿಲ್ಲ ಅಣ್ಣ. ಮೇಲಿನವರು ಬೇಡ ಅಂದ್ರು."

"ಹಂಗಾದ್ರೆ ನಾಳೆ ಮಾಡೋಣ. ನನ್ನ ಜತೆ ಬೀಳ್ತಿದ್ದ ಗಾಂಚೊ ಹತ್ರ ಒಳ್ಳೇ ಮೆತ್ತೆ ಇದಾವೆ, ತರ್ತೀನಿ."

"ನಾಳೆ ಈ ಜಾಗ ಬೇರೆಯವರದು. ನೀನು ಪೆರ್ನಿಕ್‌ನವನು, ನಿನಗೇನಾಗತ್ತೆ, ನೆಲಾನೇ ಒಡೆಯತ್ತೆ."

ಪೆರ್ನಿಕ್‌ನವರ ತಲೆ ಗಟ್ಟಿ ಎಂದು ಸೋಫಿಯಾದವರು ಆಡಿಕೊಳ್ಳುವುದು ಹಳೆಯ ತಮಾಷೆ. ಲ್ಯುಬೆನ್ ನಕ್ಕ. ಎರಡು ಮೆತ್ತೆಗಳನ್ನು ತಾನೇ ಜೋಡಿಸಿ, ಬೆಲ್ಟಿನಿಂದ ಬಿಗಿದು, ಗೋಪುರದ ಬದಲಿಗೆ ಕಟ್ಟಿದ್ದ ಅಟ್ಟಣೆ ಹತ್ತಿ, ಹಿಂದಕ್ಕೆ ಬಿದ್ದ.

ಬೆನ್ನು ತಾಗುತ್ತಲೇ ಬೆಲ್ಟು ಜಾರಿ ಮೆತ್ತೆಗಳು ಬಾಯಿ ಬಿಟ್ಟವು. ಸೊಂಟ ಸಿಮೆಂಟಿಗೆ ಹೋಯಿತು. ಬಲಗೈ ಬೆರಳು ಸೆಟೆಸಿ ಪಕ್ಕದ ನೆಲವನ್ನು ಕೆರೆಯಿತು, ಎಡಗಾಲು ತನ್ನಷ್ಟಕ್ಕೆ ಎರಡು ಸಲ ಝಾಡಿಸಿ ಅಡ್ಡ ಮಡಚಿಕೊಂಡಿತು. ಆಚೆ ಕೋಣೆಯಲ್ಲಿದ್ದವರ ಪರದೆಯ ಮೇಲೆ ಕಾಣಿಸಿದ್ದು ಬೂದುಬಣ್ಣದ ಬೊಂಬೆಯೊಂದು ಬಿದ್ದದ್ದು ಮಾತ್ರ. "ಆಹಾ, ಏನು ಬಂತು ಗುರೂ" ಎಂದು ಯಾರೋ ಚಪ್ಪಾಳೆ ತಟ್ಟಿದರು. ಮೊದಲು ಓಡಿ ಬಂದವನು ಪ್ಲಾಮೆನ್.

ಆಸ್ಪತ್ರೆ, ಶಸ್ತ್ರಚಿಕಿತ್ಸೆ, ಸೊಂಟಕ್ಕೆ ಪಟ್ಟಿ, ಆಮೇಲೆ ಊರುಗೋಲು. ಕಂಪನಿಯವರು ಆಸ್ಪತ್ರೆಯ ಖರ್ಚು ಕೊಟ್ಟು ಕೈತೊಳೆದುಕೊಂಡರು. ಎಡಗಾಲು ಎಳೆಯುತ್ತ ನಡೆಯುವ ಲ್ಯುಬೆನ್‌ಗೆ ಇನ್ನು ಬೀಳುವ ಕೆಲಸ ಇರಲಿಲ್ಲ. ನಡೆಯುವಾಗ ಬೀಳದಿರುವುದೇ ಈಗ ಕೆಲಸ. ನಿದ್ದೆಯಲ್ಲಿ ಆ ಕಾಲು ಇದ್ದಕ್ಕಿದ್ದಂತೆ ಝಾಡಿಸುತ್ತಿತ್ತು. ಪಕ್ಕದಲ್ಲಿ ಮಲಗಿರುತ್ತಿದ್ದ ರಾಲಿತ್ಸ ಅದರ ಮೇಲೆ ಅಂಗೈ ಇಟ್ಟು ಅದು ಸುಮ್ಮನಾಗುವವರೆಗೂ ಕಾಯುತ್ತಿದ್ದಳು.

ಆಟ ಹೇಳಿದ ದಿನಕ್ಕೇ ಹೊರಬಂತು. ಲ್ಯುಬೆನ್ ಅದನ್ನು ಕೊಳ್ಳಲಿಲ್ಲ. ಚೆನ್ನಾಗಿಲ್ಲವಂತೆ, ದುಡ್ಡು ವಾಪಸ್ ಕೇಳುತ್ತಿದ್ದಾರಂತೆ ಎಂಬ ಮಾತು ಕಿವಿಗೆ ಬಿದ್ದಾಗ ಪ್ಲಾಮೆನ್‌ಗಾಗಿ ಅಯ್ಯೋ ಅನ್ನಿಸಿತು, ಅಷ್ಟೇ. ಒಂದು ಭಾನುವಾರ ರಾಲಿತ್ಸ ಬಾಲ್ಕನಿಯಲ್ಲಿ ಚಳಿಗಾಲದ ಚಟ್ನಿಗೆ ಕೆಂಪು ದೊಣ್ಣೆ ಮೆಣಸಿನಕಾಯಿ ಸುಡುತ್ತಿದ್ದಳು, ಮನೆಯೆಲ್ಲ ಅದೇ ಘಾಟು. ಅಡುಗೆಮನೆಯಲ್ಲಿ ಲ್ಯುಬೆನ್ ಸುಟ್ಟ ಕಾಯಿಗಳ ಸಿಪ್ಪೆ ಸುಲಿಯುತ್ತಿದ್ದ. ಹೈಸ್ಕೂಲಿಗೆ ಹೋಗುವ ಮಗಳು ನೇದಾ ಫೋನು ಹಿಡಿದು ನಗುತ್ತ ಬಂದಳು.

"ಅಪ್ಪಾ, ನಿಮ್ಮ ಆಟ ನೋಡು. ಎಲ್ರೂ ಏಡಿ ಥರ ಸಾಯ್ತಾರೆ."

ಯಾರೋ ಆಟದೊಳಗಿನ ಸಾವುಗಳನ್ನೆಲ್ಲ ಒಂದರ ಹಿಂದೊಂದು ಪೋಣಿಸಿ, ಹಿಂದೆ ಮದುವೆ ಬ್ಯಾಂಡಿನ ತುತ್ತೂರಿ ಸಂಗೀತ ಹಾಕಿದ್ದರು. ರಾಣಿ ಹಿಂದಕ್ಕೆ ಬಿದ್ದಳು, ಕೈ ನೆಲ ಕೆರೆಯಿತು, ಕಾಲು ಎರಡು ಸಲ ಝಾಡಿಸಿ ಮಡಚಿಕೊಂಡಿತು. ಬಿಷಪ್ಪ ಬಿದ್ದ, ಕೈ, ಕಾಲು, ಕಾಲು. ರೊಟ್ಟಿ ಮಾರುವವಳು ಬಿದ್ದಳು. ಮನೆಯೆತ್ತರದ ರಾಕ್ಷಸನೂ ಹಾಗೇ ಬಿದ್ದ.

"ಎಲ್ಲರಿಗೂ ಒಂದೇ! ನೀನಿದ್ದಿದ್ರೆ ಹೀಗಾಗ್ತಿರ್ಲಿಲ್ಲ ಅಲ್ವಾ? ಯಾರೋ ಕೆಲಸಕ್ಕೆ ಬಾರದವನನ್ನ ಹಿಡ್ಕೊಂಡು ಬಂದಿದ್ದಾರೆ."

ಲ್ಯುಬೆನ್ ಮೆಣಸಿನ ರಸ ಮೆತ್ತಿದ ಬೆರಳನ್ನು ಗಾಳಿಯಲ್ಲಿ ಹಾಗೇ ಹಿಡಿದು ನೋಡುತ್ತಿದ್ದ. ತಟ್ಟೆ ಒಯ್ಯಲು ಒಳಗೆ ಬಂದ ರಾಲಿತ್ಸ ಮಗಳ ಭುಜದ ಮೇಲಿಂದ ಇಣುಕಿದಳು. ರಾಕ್ಷಸನ ಕಾಲು ಝಾಡಿಸಿತು. ಅವಳು ಫೋನು ಕಿತ್ತುಕೊಂಡು ಮೇಜಿನ ಮೇಲೆ ಮಕಾಡೆ ಹಾಕಿದಳು. ಸಂಗೀತ ಮೇಜಿನೊಳಗಿಂದ ಬಂದ ಹಾಗೆ ಕೇಳುತ್ತಲೇ ಇತ್ತು.

"ಯಾಕಮ್ಮಾ?"

"ಆ ಕಾಲು ನಿಮ್ಮಪ್ಪಂದು" ಎಂದಳು ರಾಲಿತ್ಸ.

ನೇದಾ ಅಪ್ಪನ ಮುಖ ನೋಡಿದಳು, ಕುರ್ಚಿಗೆ ಒರಗಿಸಿದ್ದ ಊರುಗೋಲು ನೋಡಿದಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಲ್ಕನಿಯಲ್ಲಿ ಮೆಣಸಿನಕಾಯಿ ಸೀದು ಕರ್ರಗಾದವು.

ಮಾರನೆಯ ದಿನ ಲ್ಯುಬೆನ್ ತಾನೇ ಮಗಳನ್ನು ಕರೆದು, ಆ ಆಟ ಆಡಿ ತೋರಿಸು ಎಂದ. ಅವಳು ಒಲ್ಲೆ ಎಂದಳು. ಅವನು ಹಟ ಹಿಡಿದ. ಪಕ್ಕದ ಮನೆಯ ಹುಡುಗಿಯ ಹತ್ತಿರ ಇದ್ದದ್ದನ್ನು ತಂದು ಹಾಕಿದರು. ನೋಡನೋಡುತ್ತ ಅವನಿಗೆ ತನ್ನ ನೋವಿಗಿಂತ ಬೇರೆ ಒಂದು ಬೇಸರ ಹತ್ತಿತು. ಹಿಂದಿನ ಆಟದಲ್ಲಿ ಪಾನಗೃಹದವಳು ನೀವು ಎರಡನೆಯ ಸಲ ಹೋದರೆ ಗುರುತು ಹಿಡಿದು ಮಾತಾಡಿಸುತ್ತಿದ್ದಳು. ಇಲ್ಲಿ ಊರೂರಿನ ಪಾನಗೃಹದಲ್ಲೂ ಅದೇ ಹೆಂಗಸು, ಅದೇ ಎರಡು ಮಾತು. ಹಿಮದ ಮೇಲೆ ನಡೆದರೆ ಹೆಜ್ಜೆ ಮೂಡುತ್ತಿರಲಿಲ್ಲ. ಕುದುರೆಯೊಂದು ಮನೆಯ ಸೂರಿನ ಮೇಲೆ ನಿಂತುಬಿಟ್ಟಿತ್ತು, ಅದನ್ನು ಇಳಿಸಲು ದಾರಿಯೇ ಇರಲಿಲ್ಲ. ಅಣ್ಣನನ್ನು ಕೊಂದವನನ್ನು ಹುಡುಕಿಕೊಡು ಎಂದು ಅತ್ತು ಬೇಡಿದ ಹುಡುಗಿಗೆ, ಕೊಂದವನು ಸಿಕ್ಕ ಮೇಲೆ ಹೋಗಿ ಹೇಳಿದರೆ, ಅವಳು ಮತ್ತೆ ಮೊದಲಿನಿಂದ ಅಳತೊಡಗಿದಳು. ಯಾರು ಏನು ಮಾಡಿದರೂ ಆ ನಾಡಿನಲ್ಲಿ ಏನೂ ಬದಲಾಗುತ್ತಿರಲಿಲ್ಲ.

"ಇದನ್ನ ಮಾಡಿದವರು ಮಲಗಿಲ್ಲ ಅನ್ನಿಸತ್ತೆ" ಎಂದ ಲ್ಯುಬೆನ್.

"ಅಂದ್ರೆ?"

"ನಿದ್ದೆಗೆಟ್ಟು ಮಾಡಿದಾರೆ. ನೋಡು, ಎಲ್ಲಾನೂ ಶುರು ಮಾಡಿ ಅಲ್ಲಲ್ಲೇ ಬಿಟ್ಟಿದಾರೆ."

ಸಂತೆಯಲ್ಲಿ ಕಳ್ಳರು ನುಗ್ಗಿ ತರಕಾರಿ ಮಾರುವ ಮುದುಕಿಯನ್ನು ಇರಿದರು. ಬಿಲ್ಲುಗಾರನ ಗೋಪುರದಿಂದ ಬಿದ್ದ ಹಾಗೆ ಮುದುಕಿ ಹಿಂದಕ್ಕೆ ಹಾರಿ ಬಿದ್ದಳು. ಲ್ಯುಬೆನ್ ಎದ್ದು ಹೋಗಿ ಕಿಟಕಿಯ ಬಳಿ ನಿಂತ. ನೇದಾ ಆರಿಸಿಬಿಟ್ಟಳು.

ವಾರ ಕಳೆಯುವುದರೊಳಗೆ ಅವನು ಬಸ್ಸು ಹಿಡಿದು ಸೋಫಿಯಾಗೆ ಹೋದ. ವರ್ತುಲ ರಸ್ತೆಯಲ್ಲಿದ್ದ ಆಟದ ಕಂಪನಿಯ ಗಾಜಿನ ಕಟ್ಟಡದಲ್ಲಿ ಅರ್ಧ ಮೇಜುಗಳು ಖಾಲಿಯಾಗಿದ್ದವು. ಪ್ಲಾಮೆನ್ ಅವನನ್ನು ಒಂದು ಸಣ್ಣ ಕೋಣೆಗೆ ಕರೆದೊಯ್ದು ಕುರ್ಚಿ ಕೊಟ್ಟ, ಕಾಫಿ ತಂದ, ತಾನು ನಿಂತೇ ಇದ್ದ.

"ಕೂತ್ಕೊ" ಎಂದ ಲ್ಯುಬೆನ್.

"ಪರವಾಗಿಲ್ಲ ಅಣ್ಣ."

"ನಾನು ಬಿದ್ದಿದ್ದನ್ನ ಹಾಕಿದೀಯ."

ಪ್ಲಾಮೆನ್ ಸುಳ್ಳು ಹೇಳಲಿಲ್ಲ. "ಹಾಕಿದೀನಿ. ಸದ್ಯಕ್ಕೆ ಅಂತ ಹಾಕಿದ್ದು. ನೀನು ಆಸ್ಪತ್ರೇಲಿದ್ದೆ. ಬೇರೆಯವರನ್ನ ಕರೆಸ್ತೀನಿ ಅಂದ್ರೆ ಮೇಲಿನವರು ದುಡ್ಡಿಲ್ಲ, ದಿನ ಇಲ್ಲ ಅಂದ್ರು. ಜಾಗ ಖಾಲಿ ಬಿಡೋ ಹಾಗಿರ್ಲಿಲ್ಲ. ಎಲ್ಲಾ ಕಡೆ ಇದನ್ನೇ ಇಟ್ಟು, ಆಮೇಲೆ ಒಂದೊಂದೇ ಬದಲಾಯಿಸೋಣ ಅಂತಿದ್ದೆ. ಆ ಆಮೇಲೆ ಬರಲೇ ಇಲ್ಲ."

"ಹಳೇವು ಇದ್ವಲ್ಲ. ನಾವಿಬ್ರೂ ಮಾಡಿದ್ದವು."

"ಹೊಸ ಬೊಂಬೆಗಳಿಗೆ ಅವು ಕೂರಲ್ಲ ಅಣ್ಣ. ಮೂಳೆಗಳ ಲೆಕ್ಕಾನೇ ಬೇರೆ. ಕೂರಿಸೋಕೆ ತಿಂಗಳುಗಟ್ಲೆ ಬೇಕು."

"ಇದನ್ನ ಹಾಕೋವಾಗ ನೋಡಿದ್ಯಾ?"

"ನೋಡ್ದೆ ಹೆಂಗೆ ಹಾಕ್ಲಿ."

"ನಾನು ನೋವಿಗೆ ಒದ್ದಾಡ್ತಿದ್ದೆ ಕಣೋ."

"ಗೊತ್ತು." ಪ್ಲಾಮೆನ್ ಗೋಡೆ ನೋಡುತ್ತ ಹೇಳಿದ. "ಮೇಲಿನವರಿಗೆ ತೋರಿಸಿದೆ. ಏನಾಯ್ತು ಅಂತಾನೂ ಹೇಳ್ದೆ. ಅವರು, ಎಲ್ಲಕ್ಕಿಂತ ಇದೇ ನಿಜ ಅನ್ನಿಸತ್ತೆ, ಇರ್ಲಿ ಅಂದ್ರು."

ಲ್ಯುಬೆನ್ ಕಾಫಿ ಮುಟ್ಟಲಿಲ್ಲ. ನ್ಯಾಯ, ಪರಿಹಾರ ಎಂದೆಲ್ಲ ರಾಲಿತ್ಸ ಹೇಳಿ ಕಳಿಸಿದ್ದ ಮಾತು ಯಾವುದೂ ಅವನ ಬಾಯಿಗೆ ಬರಲಿಲ್ಲ. "ತೆಗೆದುಬಿಡು. ನನಗೆ ಇನ್ನೇನೂ ಬೇಡ" ಎಂದ. ತಪ್ಪು ತಿದ್ದುವ ಪ್ಯಾಚ್ ಚಳಿಗಾಲದೊಳಗೆ ಬರುತ್ತದೆ, ಅದರಲ್ಲಿ ಖಂಡಿತ ತೆಗೆಯುತ್ತೇನೆ ಎಂದು ಪ್ಲಾಮೆನ್ ಮಾತು ಕೊಟ್ಟ. ಬಸ್ ನಿಲ್ದಾಣದವರೆಗೂ ಬಂದು, ಲ್ಯುಬೆನ್ ಬಸ್ಸಿನ ಮೆಟ್ಟಿಲು ಹತ್ತುವಾಗ ಅವನ ಮೊಣಕೈ ಹಿಡಿದುಕೊಂಡ.

ಪ್ಯಾಚ್ ಬಂತು. ಕುದುರೆ ಸೂರಿನಿಂದ ಇಳಿಯಿತು, ಹಿಮದಲ್ಲಿ ಹೆಜ್ಜೆ ಮೂಡಿತು, ಅಳುವ ಹುಡುಗಿ ಅಳು ನಿಲ್ಲಿಸಿದಳು. ಸಾವು ಮಾತ್ರ ಹಾಗೇ ಇತ್ತು. ಅಷ್ಟರಲ್ಲಿ ಜನಕ್ಕೆ ಏಡಿಸಾವಿನ ರುಚಿ ಹತ್ತಿಬಿಟ್ಟಿತ್ತು. ಇಡೀ ಆಟದಲ್ಲಿ ಚೆನ್ನಾಗಿರುವುದು ಅದೊಂದೇ, ಅದನ್ನು ತೆಗೆದರೆ ನೋಡಿ ಎಂದು ಸಾವಿರಾರು ಜನ ಕಂಪನಿಗೆ ಬರೆದಿದ್ದರು. ಅದನ್ನು ನೋಡುವುದಕ್ಕೆಂದೇ ಆಟ ಕೊಳ್ಳುವವರೂ ಇದ್ದರು. ಕಂಪನಿಯವರು ಒಂದು ಹೆಜ್ಜೆ ಮುಂದೆ ಹೋದರು. ಗುಂಡಿಯೊಂದನ್ನು ಒತ್ತಿದರೆ ಆಟದ ನಾಯಕ ಎಲ್ಲಿ ಬೇಕೆಂದರಲ್ಲಿ, ಅರಮನೆಯಲ್ಲೋ ಮದುವೆಯಲ್ಲೋ, ತಮಾಷೆಗೆ ಹಾಗೆ ಬಿದ್ದು ಒದ್ದಾಡಿ ಎದ್ದು ನಿಲ್ಲುವಂತೆ ಮಾಡಿದರು. ಪ್ಲಾಮೆನ್‌ನಿಂದ ಫೋನಿಗೆ ಒಂದೇ ಸಾಲು ಬಂತು: ನನ್ನ ಕೈಯಲ್ಲಿರಲಿಲ್ಲ ಅಣ್ಣ.

ನೇದಾಳ ಶಾಲೆಯ ಪಡಸಾಲೆಯಲ್ಲಿ ಹುಡುಗರು ಹಿಂದಕ್ಕೆ ಬಿದ್ದು ಕಾಲು ಝಾಡಿಸುವುದು ದಿನದ ಆಟವಾಯಿತು. ಅವಳು ಬಹಳ ದಿನ ಸುಮ್ಮನಿದ್ದು, ಒಂದು ದಿನ ತಡೆಯಲಾರದೆ ಒಬ್ಬನ ಕೆನ್ನೆಗೆ ಹೊಡೆದು, ಅದು ನಮ್ಮಪ್ಪ ಸೊಂಟ ಮುರಿದುಕೊಂಡದ್ದು ಎಂದುಬಿಟ್ಟಳು. ಮುಖ್ಯೋಪಾಧ್ಯಾಯಿನಿ ಕರೆಸಿದಾಗ ರಾಲಿತ್ಸ ಬೇಕರಿಯ ಏಪ್ರನ್ನಿನಲ್ಲೇ ಹೋಗಿ ತಲೆ ತಗ್ಗಿಸಿ ನಿಂತು ಬಂದಳು.

ಸಂಜೆ ನೇದಾ ಅಪ್ಪನ ಪಕ್ಕ ಬಂದು ಕೂತಳು. "ನಾನು ಹೇಳ್ಬಾರ್ದಿತ್ತು."

"ಇದ್ದಿದ್ದನ್ನ ತಾನೆ ಹೇಳಿದ್ದು."

"ಅರ್ಧ ಜನ ನಂಬ್ಲಿಲ್ಲ ಅಪ್ಪಾ. ನಂಬಿದವರು ಇನ್ನೂ ಜಾಸ್ತಿ ನಕ್ರು. ಈಗ ನನ್ನ ಹೆಸರೇ ಏಡಿಮರಿ."

ಅವನು ಅವಳ ತಲೆ ನೇವರಿಸಲು ಕೈ ಎತ್ತಿದ, ಅವಳು ಎದ್ದು ಹೋದಳು. ಆ ವರ್ಷದ ಕೊನೆಗೆ ಹಟ ಮಾಡಿ ಸೋಫಿಯಾದ ಶಾಲೆಗೆ ಸೇರಿಕೊಂಡು ಚಿಕ್ಕಮ್ಮನ ಮನೆಯಲ್ಲಿ ಉಳಿದಳು. ವಾರಕ್ಕೊಮ್ಮೆ ಬರುತ್ತಿದ್ದವಳು ಬರಬರುತ್ತ ತಿಂಗಳಿಗೊಮ್ಮೆ ಬಂದಳು.

ಹಿಂದೆ ಜತೆಯಲ್ಲಿ ಬೀಳುತ್ತಿದ್ದ ಗೆಳೆಯ ಗಾಂಚೊ ಬಾಂಕ್ಯಾ ಎಂಬ ಊರಿನ ಹತ್ತಿರ ಕುದುರೆ ಲಾಯ ಇಟ್ಟುಕೊಂಡಿದ್ದ. ಸಿನಿಮಾಕ್ಕೆ ಸೇರುವ ಹುರುಪಿನ ಹುಡುಗ ಹುಡುಗಿಯರಿಗೆ ಬೀಳುವುದನ್ನು ಕಲಿಸು, ನೀನು ಮಾಡಿ ತೋರಿಸಬೇಕಾಗಿಲ್ಲ, ಬಾಯಲ್ಲಿ ಹೇಳಿದರೆ ಸಾಕು ಎಂದು ಲ್ಯುಬೆನ್‌ನನ್ನು ಕರೆದ. ಮೊದಲ ತರಗತಿಯಲ್ಲಿ ಮರದ ಕುದುರೆಯ ಮೇಲೆ ಹತ್ತಿದ ಗಿರಿಜಾ ಮೀಸೆಯ ತರುಣನೊಬ್ಬ, ಎಲ್ಲರೂ ನೋಡುತ್ತಿರುವಾಗ, ಬೇಕೆಂದೇ ಹಿಂದಕ್ಕೆ ಬಿದ್ದು ನೆಲ ಕೆರೆದು ಕಾಲು ಝಾಡಿಸಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವನಿಗೆ ಏನೂ ಗೊತ್ತಿರಲಿಲ್ಲ. ಹೊಸ ಮೇಷ್ಟ್ರ ಮುಂದೆ ಸಲಿಗೆ ತೋರಿಸಲು ಮಾಡಿದ್ದು.

ಲ್ಯುಬೆನ್ ಊರುಗೋಲು ಊರಿಕೊಂಡು ಹತ್ತಿರ ಹೋದ. "ಕೈ ಹಂಗಲ್ಲ" ಎಂದ. "ಬೆರಳು ಅಗಲ ಮಾಡು. ಅದು ಸುಮ್ನೆ ಕೆರೆಯೋದಲ್ಲ, ಮೆತ್ತೆ ಎಲ್ಲಿ ಹೋಯ್ತು ಅಂತ ಹುಡುಕ್ತಾ ಇದೆ. ಕಾಲನ್ನ ನೀನು ಎತ್ತಬೇಡ. ಅದು ಬಿದ್ದವನ ಮಾತು ಕೇಳ್ತಿಲ್ಲ. ಅವನಿಗೆ ಅದು ತನ್ನ ಕಾಲು ಅಂತಾನೂ ಗೊತ್ತಾಗ್ತಿಲ್ಲ."

ತರುಣ ಬಿದ್ದಲ್ಲೇ ಮಲಗಿ ಮೇಲೆ ನೋಡಿದ. ಮೊದಲು ಊರುಗೋಲು, ಆಮೇಲೆ ಮುಖ. ನಗು ಒಬ್ಬೊಬ್ಬರದಾಗಿ ನಿಂತಿತು.

"ನೀವಾ ಸರ್?" ಎಂದು ಒಬ್ಬ ಹುಡುಗಿ ಕೇಳಿದಳು.

"ಏಳು. ಮುಂದಿನವರು ಬನ್ನಿ."

ಮುಂದಿನ ವಾರ ಅರ್ಧದಷ್ಟು ಜನ ಬರಲಿಲ್ಲ. "ಹೆದರಿಸಿಬಿಟ್ಟೆಯಲ್ಲೋ" ಎಂದು ಗಾಂಚೊ ಗೊಣಗಿದ. ಕೆಲಸ ಬಿಡಿಸಲಿಲ್ಲ.

ಬೇಸಿಗೆಯ ಹೊತ್ತಿಗೆ ಹೊರದೇಶದ ಕಂಪನಿ ಸೋಫಿಯಾದ ಗಾಜಿನ ಕಟ್ಟಡಕ್ಕೆ ಬೀಗ ಹಾಕಿತು. ಒಂದು ಶನಿವಾರ ಮಧ್ಯಾಹ್ನ ಪ್ಲಾಮೆನ್ ಹೇಳದೆ ಕೇಳದೆ ಪೆರ್ನಿಕ್‌ಗೆ ಬಂದು ಬಾಗಿಲು ತಟ್ಟಿದ. ಕೈಯಲ್ಲಿ ಮನೆಯಲ್ಲಿ ಕಾಸಿದ ಹಣ್ಣಿನ ಸಾರಾಯಿ, ರಕಿಯಾದ ಬಾಟಲಿ. ಲ್ಯುಬೆನ್ ಒಬ್ಬನೇ ಇದ್ದ. ಎರಡು ಲೋಟ ಇಟ್ಟು, ಟೊಮೇಟೊ ಹೆಚ್ಚಿ, ಚೀಸು ತುರಿದು ಹಾಕಿದ. ಪ್ಲಾಮೆನ್ ಈಗ ಜೂಜಿನ ಯಂತ್ರ ಮಾಡುವವರ ಹತ್ತಿರ ಕೆಲಸಕ್ಕಿದ್ದ.

"ಚೆರ್ರಿ ಹಣ್ಣು ಉರುಳಿಸ್ತೀನಿ ಅಣ್ಣ. ಇಡೀ ದಿನ ಚೆರ್ರಿ, ನಿಂಬೆ."

"ಸಂಬಳ ಕೊಡ್ತಾರಲ್ಲ."

"ಕೊಡ್ತಾರೆ." ಅವನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟ. "ನಾನು ಇನ್ನೊಂದು ಪ್ಯಾಚ್ ಮಾಡಿದ್ದೆ. ಯಾರೂ ಹೇಳ್ದೆ ಮಾಡಿದ್ದು. ಎಲ್ಲರಿಗೂ ಬೇರೆ ಬೇರೆ ಸಾವು. ಬೀಳೋಕೆ ಯಾರೂ ಇರ್ಲಿಲ್ಲ, ಉಡುಪು ಹಾಕ್ಕೊಂಡು ನಾನೇ ಬಿದ್ದೆ. ಮೈಯೆಲ್ಲ ನೀಲಿಗಟ್ಟಿತ್ತು. ಅಷ್ಟರಲ್ಲಿ ಬೀಗ ಹಾಕಿದ್ರು. ಅದು ಅಲ್ಲೇ ಉಳೀತು. ಇನ್ನು ಆ ಆಟಕ್ಕೆ ಯಾರೂ ಕೈ ಹಚ್ಚಲ್ಲ."

"ಯಾವುದಾದ್ರೂ ಒಂದು ತೋರ್ಸು."

ಪ್ಲಾಮೆನ್ ತಮಾಷೆಯೇನೋ ಎಂದು ನೋಡಿದ. ಲ್ಯುಬೆನ್ ಮುಖದಲ್ಲಿ ನಗುವಿರಲಿಲ್ಲ. ಪ್ಲಾಮೆನ್ ಕುರ್ಚಿ ಸರಿಸಿ ಎದ್ದು, ಅಡುಗೆಮನೆಯ ನಡುವೆ ನಿಂತು, ಹೊಟ್ಟೆ ಹಿಡಿದುಕೊಂಡು ಮೊಣಕಾಲೂರಿ, ಮೆಲ್ಲಗೆ ಪಕ್ಕಕ್ಕೆ ಒರಗಿದ. ಗೂಡಂಗಡಿಯಲ್ಲಿ ಬೆಂಚು ಹುಡುಕುವವನ ಹಾಗೆ ಬಿದ್ದ. ನೆಲದ ಮೇಲೆ ಕೆನ್ನೆಯಿಟ್ಟು ಹಾಗೇ ಇದ್ದ, ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಭುಜ ಅಲುಗತೊಡಗಿತು.

"ಚೆನ್ನಾಗಿಲ್ಲ" ಎಂದ ಲ್ಯುಬೆನ್.

"ಗೊತ್ತು ಅಣ್ಣ."

"ಎದ್ದೇಳು. ನೆಲ ತಣ್ಣಗಿದೆ."

ಪ್ಲಾಮೆನ್ ಎದ್ದು ಮುಖ ಒರೆಸಿಕೊಂಡ. ಬಾಗಿಲವರೆಗೆ ಹೋಗಿ ಕೈ ಮುಂದೆ ಚಾಚಿದ. ಲ್ಯುಬೆನ್ ಕೂತಲ್ಲಿಂದ ಏಳಲಿಲ್ಲ.

"ನಿನ್ನ ಮೇಲೆ ನನಗೆ ಸಿಟ್ಟಿಲ್ಲ" ಎಂದ. "ಆದ್ರೆ ನಿನ್ನ ನೋಡಿದ್ರೆ ಸೊಂಟ ನೋಯತ್ತೆ. ಇನ್ನು ಬರಬೇಡ."

ಪ್ಲಾಮೆನ್ ಮೆಟ್ಟಿಲಿಳಿದು ಹೋದ. ಸಂಜೆ ಬೇಕರಿಯಿಂದ ಬಂದ ರಾಲಿತ್ಸ ಚೀಲ ಇಳಿಸುತ್ತ ಮೇಜಿನ ಮೇಲಿನ ಎರಡು ಲೋಟ ನೋಡಿದಳು.

"ಯಾರು ಬಂದಿದ್ದು?"

"ಪ್ಲಾಮೆನ್."

"ಏನಂತೆ ಅವನಿಗೆ?"

"ಕೆಲಸ ಹೋಯ್ತಂತೆ. ಬೇರೆ ಸಿಕ್ಕಿದೆಯಂತೆ."

ಅವಳು ಬಾಟಲಿಯಲ್ಲಿ ಉಳಿದದ್ದನ್ನು ತೊಟ್ಟಿಗೆ ಸುರಿದು, ಲೋಟ ತೊಳೆದು ಬೋರಲು ಹಾಕಿ, ರಾತ್ರಿಯ ಸಾರಿಗೆ ಬೀನ್ಸ್ ಕಾಳು ನೆನೆಹಾಕಿದ್ದೆಯಾ ಎಂದು ವಿಚಾರಿಸಿದಳು. ಅವನು ಮರೆತಿದ್ದ.